ಬಯಲುಸೀಮೆಯ ಆಕ್ರಮಣಕಾರಿ ಪ್ರಭೇದಗಳು: ಅಧ್ಯಯನ ಮತ್ತು ಸಂರಕ್ಷಣೆಯ ಇತಿಹಾಸ

ಹೊರಖಂಡಗಳಿಂದ ಬಂದು, ಸ್ವಂತ ಬಲದಿಂದ ಹಬ್ಬಿ, ಸ್ಥಳೀಯ ಹುಲ್ಲು, ಕುರುಚಲು, ಹಕ್ಕಿ, ಮೃಗಗಳ ಜಾಗ ಕಸಿದುಕೊಳ್ಳುವ ಜೀವಿಗಳನ್ನು ಆಕ್ರಮಣಕಾರಿ ಪ್ರಭೇದಗಳೆನ್ನುತ್ತಾರೆ. ಹೊರಗಿನಿಂದ ಬಂದದ್ದೆಲ್ಲ ಆಕ್ರಮಣಕಾರಿಯಲ್ಲ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಮೂರೂ ಅಮೆರಿಕ ಖಂಡದವೇ ಆದರೂ ಹೊಲದ ಬದು ದಾಟಿ ಹೋಗಲಿಲ್ಲ. ಪಾಪಾಸುಕಳ್ಳಿ, ಬಳ್ಳಾರಿ ಜಾಲಿ, ಕಾಂಗ್ರೆಸ್ ಕಸ ದಾಟಿದವು. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಿಂದ ವಿಜಯಪುರ, ಸೊಲ್ಲಾಪುರಗಳವರೆಗಿನ ಕನ್ನಡ–ಮರಾಠಿ ಗಡಿಸೀಮೆಯನ್ನು ಮುಂದಿಟ್ಟುಕೊಂಡು, ದಖ್ಖನಿನ ಬಯಲಿನಲ್ಲಿ ಈ ಪ್ರಭೇದಗಳು ಬಂದ ಬಗೆಯನ್ನೂ ಅವುಗಳ ಅಧ್ಯಯನ ಬೆಳೆದ ಬಗೆಯನ್ನೂ ಈ ಲೇಖನ ವಿವರಿಸುತ್ತದೆ.

ನೆಲ

ಜತ್ತ ತಾಲ್ಲೂಕಿನ ಶೇಗಾಂವ ಮಳೆನೆರಳಿನ ಊರು. ಸಹ್ಯಾದ್ರಿಯ ನೆತ್ತಿಯಲ್ಲಿರುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ, ಪೂರ್ವಕ್ಕೆ ಸರಿದಂತೆ ಅದು ಕರಗುತ್ತ ಬಂದು ಜತ್ತದ ಹೊತ್ತಿಗೆ 500–600 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಮುಂಗಾರಿಗಿಂತ ಸೆಪ್ಟೆಂಬರಿನ ಮಳೆಯನ್ನೇ ನಂಬಿ ಹಿಂಗಾರಿ ಜೋಳ ಬಿತ್ತುವ ಸೀಮೆ ಇದು. ತೆಳುಮಣ್ಣಿನ ಮಾಳದಲ್ಲಿ ಬೇಸಾಯ ನಿಲ್ಲುವುದಿಲ್ಲ, ಹುಲ್ಲು ನಿಲ್ಲುತ್ತದೆ. ಆ ಹುಲ್ಲನ್ನು ನೆಚ್ಚಿಯೇ ಇಲ್ಲಿ ಕುರಿಸಾಕಣೆ ಬೆಳೆದಿದೆ. ಉಬ್ಬುಮೂಗಿನ ಎತ್ತರದ ಮಾಡಗ್ಯಾಳ ಕುರಿತಳಿಗೆ ಹೆಸರು ಬಂದದ್ದು ಇದೇ ತಾಲ್ಲೂಕಿನ ಮಾಡಗ್ಯಾಳ ಊರಿನಿಂದ.

ಸರ್ಕಾರಿ ಕಾಗದಗಳಲ್ಲಿ ಈ ಮಾಳಕ್ಕೆ ಬೇರೆ ಗತಿ ಒದಗಿತು. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭವಾದ ಮುಂಬಯಿ ಪ್ರಾಂತ್ಯದ ಕಂದಾಯ ಮೋಜಣಿ ಭೂಮಿಯನ್ನು ಸಾಗುವಳಿಯ ಕಣ್ಣಿನಿಂದ ಅಳೆಯಿತು. ಕಂದಾಯ ಹುಟ್ಟದ ನೆಲ ಪಡ, ಬಂಜರು ಎನಿಸಿಕೊಂಡಿತು. ಅರಣ್ಯ ಇಲಾಖೆಯ ಕಣ್ಣಿಗೆ ಅದು ಮರ ಕಳೆದುಕೊಂಡ ಕಾಡಾಗಿ ಕಂಡಿತು. 1985ರಲ್ಲಿ ರಾಷ್ಟ್ರೀಯ ಬಂಜರುಭೂಮಿ ಅಭಿವೃದ್ಧಿ ಮಂಡಳಿ ಹುಟ್ಟಿದಾಗಲೂ ಆ ದೃಷ್ಟಿ ಬದಲಾಗಿರಲಿಲ್ಲ. ಬಯಲನ್ನು ಖಾಲಿ ಜಾಗವೆಂದು ಬಗೆದದ್ದರಿಂದಲೇ ಅದನ್ನು ತುಂಬಿಸಲು ಹೊರಗಿನ ಗಿಡಗಳಿಗೆ ಕರೆ ಹೋಯಿತು. ಈ ಚರಿತ್ರೆಯ ಬೇರು ಇಲ್ಲಿದೆ.

ಕಳ್ಳಿ ಮತ್ತು ಜಾಲಿ

ಮೊದಲು ಬಂದದ್ದು ಪಾಪಾಸುಕಳ್ಳಿ. ಅಮೆರಿಕದ ಈ ಕಳ್ಳಿ ಬೇಲಿಯ ಗಿಡವಾಗಿ ಊರೂರಿಗೂ ಹಬ್ಬಿತು. ಅದರ ಮೇಲೆ ಬದುಕುವ ಕಿರಮಂಜಿ ಹುಳುವಿನಿಂದ ಕೆಂಪು ಬಣ್ಣ ತೆಗೆಯುವ ಲಾಭದ ಆಸೆ ಈಸ್ಟ್ ಇಂಡಿಯಾ ಕಂಪನಿಗಿತ್ತು. 1795ರಲ್ಲಿ ಬ್ರೆಜಿಲಿನಿಂದ ಬಂಗಾಳಕ್ಕೆ ಹುಳು ಬಂತು. ಆದರೆ ಬಂದದ್ದು ಉತ್ತಮ ಬಣ್ಣ ಕೊಡುವ ಜಾತಿಯಲ್ಲ, ಅದರ ಕಾಡು ದಾಯಾದಿ. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಹುಳು ಮಾತ್ರ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸುತ್ತ ಬಂತು. 1836–38ರ ಸುಮಾರಿಗೆ ಅದನ್ನು ಉದ್ದೇಶಪೂರ್ವಕವಾಗಿಯೇ ದಕ್ಷಿಣ ಭಾರತಕ್ಕೆ ತಂದು ಬಿಡಲಾಯಿತು. ಉಳಿದ ಕಳ್ಳಿಜಾತಿಗಳಿಗೆ ಇನ್ನೊಂದು ಬಗೆಯ ಹುಳು 1926ರಲ್ಲಿ ಶ್ರೀಲಂಕಾದಿಂದ ಬಂತು. ಕೀಟವನ್ನು ಬಿಟ್ಟು ಕಳೆಯನ್ನು ಹತೋಟಿಗೆ ತರುವ ವಿಧಾನಕ್ಕೆ ಜಗತ್ತಿನಲ್ಲಿ ಸಿಗುವ ಅತಿ ಹಳೆಯ ಉದಾಹರಣೆಗಳಲ್ಲಿ ಇದು ಒಂದು.

ಬಳ್ಳಾರಿ ಜಾಲಿಯದು ಬೇರೆ ಕಥೆ. 1876ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಆರ್.ಎಚ್. ಬೆಡ್ಡೋಮ್ ಬರಸೀಮೆಯ ಉರುವಲಿಗಾಗಿ ಈ ಗಿಡದ ಬೀಜ ತರಿಸಬೇಕೆಂದು ಬರೆದರು. ಮರುವರ್ಷ ಜಮೈಕಾದಿಂದ ಬೀಜ ಬಂದು, ಕಡಪಾ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತನೆಯಾಯಿತು. 1876–78 ಮಹಾಬರದ ವರ್ಷಗಳು ಎಂಬುದನ್ನು ನೆನೆದರೆ ಆ ಅಧಿಕಾರಿಯ ಆತುರ ಅರ್ಥವಾಗುತ್ತದೆ. ನೀರು ಬೇಡದ, ಕಡಿದಷ್ಟೂ ಚಿಗುರುವ, ಸವುಳು ನೆಲದಲ್ಲೂ ನಿಲ್ಲುವ ಗಿಡ ಆ ಹೊತ್ತಿಗೆ ವರವೇ ಆಗಿತ್ತು. ನಂತರದ ಬರಗಳಲ್ಲೂ ಸಾಮಾಜಿಕ ಅರಣ್ಯದ ಕಾಲದಲ್ಲೂ ಅದನ್ನು ಮತ್ತೆ ಮತ್ತೆ ಬಿತ್ತಿದರು. ಉತ್ತರ ಕರ್ನಾಟಕದ ಹಲವೆಡೆ ಜನ ಇದನ್ನು ಸರಕಾರಿ ಜಾಲಿ ಎಂದೇ ಕರೆಯುತ್ತಾರೆ. ಮರಾಠಿಯಲ್ಲಿ ವೇಡಿ ಬಾಭೂಳ.

ಇದರ ಕಾಯಿ ಸಿಹಿ. ಬೇಸಿಗೆಯಲ್ಲಿ ಮೇವಿಲ್ಲದಾಗ ದನ, ಆಡು, ಕುರಿಗಳೆಲ್ಲ ತಿನ್ನುತ್ತವೆ. ಜೀರ್ಣವಾಗದ ಬೀಜ ಸಗಣಿಯ ಜೊತೆ ಹೊಸ ನೆಲಕ್ಕೆ ಬೀಳುತ್ತದೆ. ಕುರಿಗಾರರ ಕಷ್ಟ ಇಲ್ಲೇ ಇದೆ. ಕಾಯಿ ಬೇಕು, ಹುಲ್ಲೂ ಬೇಕು; ಗಿಡ ದಟ್ಟವಾದ ಕಡೆ ಹುಲ್ಲು ಹುಟ್ಟುವುದಿಲ್ಲ. ದಸರೆಯಲ್ಲಿ ನಾವು ಎಲೆ ಹಂಚುವ ಬನ್ನಿಯೂ ಈ ಜಾಲಿಯೂ ಬಹುಕಾಲ ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಒಂದೇ ಕುಲದವಾಗಿದ್ದವು. 2022ರ ಮರುವಿಂಗಡಣೆಯಲ್ಲಿ ಬಳ್ಳಾರಿ ಜಾಲಿಯನ್ನು ಬೇರೆ ಕುಲಕ್ಕೆ ಸೇರಿಸಲಾಯಿತು. ಬನ್ನಿಯ ಕೆಳಗೆ ಜೋಳ ಬೆಳೆಯುತ್ತದೆ ಎಂಬುದನ್ನು ಬಯಲಿನ ರೈತರು ಬಲ್ಲರು. ಬಳ್ಳಾರಿ ಜಾಲಿಯ ಕೆಳಗೆ ಆ ಮಾತಿಲ್ಲ.

1809ರಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಗೆ ಬಂದ ಲಂಟಾನ ಕರ್ನಾಟಕದಲ್ಲಿ ಮುಖ್ಯವಾಗಿ ದಕ್ಷಿಣದ ಕಾಡುಗಳ ಪೀಡೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯವರು ನಡೆಸಿದ ಅಧ್ಯಯನದಲ್ಲಿ ಅದು 1997ರಲ್ಲಿ ನೂರಕ್ಕೆ 41 ತಾಣಗಳಲ್ಲಿದ್ದದ್ದು 2008ರ ಹೊತ್ತಿಗೆ 81ಕ್ಕೆ ಏರಿತ್ತು. ಬೇಸಿಗೆಯ ಆರಂಭದಲ್ಲಿ ತಾವು ಹಚ್ಚುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಏರಿತೆಂದು ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರು ಹೇಳುತ್ತ ಬಂದಿದ್ದರು. ಸಂಶೋಧಕರು ಆ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದು ಈ ಕ್ಷೇತ್ರಕ್ಕೆ ಒಳ್ಳೆಯ ತಿರುವಾಯಿತು.

ಕಾಂಗ್ರೆಸ್ ಕಸ

ಕಳ್ಳಿ, ಜಾಲಿ, ಲಂಟಾನಗಳು ಕರೆದು ತಂದವು. ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ, ಕರೆಯದೆ ಬಂತು. 1956ರಲ್ಲಿ ಸಸ್ಯಶಾಸ್ತ್ರಜ್ಞ ಆರ್.ಎಸ್. ರಾವ್ ಪುಣೆಯಲ್ಲಿ ಕಂಡ ಈ ಗಿಡವನ್ನು ಭಾರತಕ್ಕೆ ಹೊಸತೆಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ದಾಖಲಿಸಿದರು. ಪಿ.ಎಲ್. 480 ಯೋಜನೆಯ ಅಮೆರಿಕನ್ ಗೋಧಿಯ ಜೊತೆ ಬಂತೆಂಬುದು ಹಳ್ಳಿಹಳ್ಳಿಯ ಮಾತು. ಕಾಲಾನುಕ್ರಮ ಇದಕ್ಕೆ ಒಪ್ಪುವುದಿಲ್ಲ. ಆ ಕಾಯಿದೆಗೆ ಸಹಿ ಬಿದ್ದದ್ದು 1954ರ ಜುಲೈನಲ್ಲಿ, ಭಾರತದೊಂದಿಗೆ ಮೊದಲ ಒಪ್ಪಂದವಾದದ್ದು 1956ರ ಆಗಸ್ಟಿನಲ್ಲಿ. ಪುಣೆಯ ಗಿಡ ಅದಕ್ಕೂ ಮುಂಚಿನದು. 1951ರಲ್ಲಿ ಅಮೆರಿಕ ಸಾಲವಾಗಿ ಕೊಟ್ಟ ಗೋಧಿಯಲ್ಲಿ ಬೀಜ ಬಂದಿರಬಹುದು. 1814ರಲ್ಲಿ ಅಚ್ಚಾದ ಕಲ್ಕತ್ತ ಸಸ್ಯೋದ್ಯಾನದ ಪಟ್ಟಿಯಲ್ಲೂ ಇದರ ಹೆಸರಿದೆ. ಏನೇ ಇರಲಿ, ಹಬ್ಬಿದ್ದು ಮಾತ್ರ ಪುಣೆಯ ಸುತ್ತಿನಿಂದ: ರಸ್ತೆ, ರೈಲುದಾರಿ, ಕಾಲುವೆ, ಲಾರಿಯ ಚಕ್ರ, ಸಂತೆಯ ದನಗಳ ಗೊರಸು ಹಿಡಿದು. ಮರಾಠಿಯವರು ಗಾಜರ ಗವತ ಎಂದರು, ಕನ್ನಡದವರು ಕಾಂಗ್ರೆಸ್ ಕಸ ಅಥವಾ ಕಾಂಗ್ರೆಸ್ ಹುಲ್ಲು ಎಂದರು.

ಒಂದು ಗಿಡ 15,000ದಿಂದ 25,000 ಬೀಜ ಕೊಡಬಲ್ಲದು. ಮೊಳೆತ ನಾಲ್ಕರಿಂದ ಎಂಟು ವಾರದಲ್ಲಿ ಹೂ ಬಿಡುತ್ತದೆ. ಅದರ ಪಾರ್ಥೆನಿನ್ ಎಂಬ ವಿಷ ಅಕ್ಕಪಕ್ಕದ ಬೀಜ ಮೊಳೆಯಗೊಡದು, ಕಳೆ ಕೀಳುವವರ ಕೈ, ಕುತ್ತಿಗೆ, ಮುಖಗಳಲ್ಲಿ ತುರಿಕೆಯ ಹುಣ್ಣು ಎಬ್ಬಿಸುತ್ತದೆ. ಮೇವಿನಲ್ಲಿ ಬೆರೆತರೆ ಹಾಲು ಕಹಿ. 1970ರ ದಶಕದಲ್ಲಿ ಪುಣೆ, ಬೆಂಗಳೂರುಗಳ ಚರ್ಮವೈದ್ಯರು ಈ ರೋಗದ ವರದಿಗಳನ್ನು ಪ್ರಕಟಿಸಿದರು. 1975ರಲ್ಲಿ ಕರ್ನಾಟಕ ಸರ್ಕಾರ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆಯಡಿ ಇದನ್ನು ಪೀಡಕ ಕಳೆಯೆಂದು ಘೋಷಿಸಿತು. ಘೋಷಣೆಯಿಂದ ಗಿಡ ಕಡಿಮೆಯಾಗಲಿಲ್ಲ.

ಬೆಂಗಳೂರು ಅಷ್ಟರಲ್ಲಿ ಜೈವಿಕ ಹತೋಟಿಯ ಕೇಂದ್ರವಾಗಿತ್ತು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಠಾಣೆ 1957ರಲ್ಲಿ ಅಲ್ಲಿ ಶುರುವಾಗಿತ್ತು. ಇಂದು ಅಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ಈ ಕೆಲಸವನ್ನು ಮುಂದುವರಿಸಿದೆ. ಮೆಕ್ಸಿಕೋದಿಂದ 1983ರಲ್ಲಿ ತರಿಸಿದ ಜೈಗೊಗ್ರಾಮಾ ಬೈಕಲರೇಟಾ ಎಂಬ ಪಟ್ಟೆಯ ದುಂಬಿಯನ್ನು ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನ ಬಯಲಿಗೆ ಬಿಟ್ಟರು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಈ ಕೆಲಸದ ಮುಂಚೂಣಿಯಲ್ಲಿದ್ದರು. ಕೆಲವೇ ವರ್ಷಗಳಲ್ಲಿ ದುಂಬಿಗಳು ಎಲೆ ಬೋಳಿಸಿ ನಿಲ್ಲಿಸಿದ ಗಿಡಗಳು ನಗರದ ಸುತ್ತ ಕಾಣತೊಡಗಿದವು.

ಆಗ ಬಂತು ಸೂರ್ಯಕಾಂತಿಯ ಗಲಾಟೆ. 1990ರ ದಶಕದ ಆರಂಭದಲ್ಲಿ ದುಂಬಿ ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತಿದೆಯೆಂಬ ವರದಿ ಬಂದಾಗ, ಆ ಬೆಳೆಯನ್ನೇ ನಂಬಿದ್ದ ಉತ್ತರ ಕರ್ನಾಟಕದ ಎಣ್ಣೆಕಾಳು ರೈತರಿಗೆ ಹೆದರಿಕೆಯಾದದ್ದು ಸಹಜ. ಸತ್ಯಶೋಧನಾ ಸಮಿತಿ ಕೂತಿತು, ದುಂಬಿ ಬಿಡುವ ಕೆಲಸ ನಿಂತಿತು. ಜಯಂತ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಇದರ ಕಾರಣ ತೋರಿಸಿದರು: ಪಕ್ಕದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಗಳ ಮೇಲೆ ಉದುರಿದಾಗ, ಆ ಪರಾಗದ ವಾಸನೆ–ರುಚಿಗೆ ದುಂಬಿ ಎಲೆಯನ್ನೂ ಕಚ್ಚುತ್ತದೆ, ಬರೀ ಸೂರ್ಯಕಾಂತಿಯ ಮೇಲೆ ಅದರ ಸಂತತಿ ನಿಲ್ಲದು. ಮುಂದೆ ದುಂಬಿ ಬಿಡುವುದಕ್ಕೆ ಮತ್ತೆ ಅನುಮತಿ ಸಿಕ್ಕಿತು. ಹೊರಗಿನ ಕೀಟವನ್ನು ತರುವಾಗ ಎಷ್ಟು ಎಚ್ಚರ ಬೇಕು, ಎಷ್ಟು ಬೇಗ ಉತ್ತರ ಕೊಡಬೇಕು ಎಂಬುದಕ್ಕೆ ಈ ಪ್ರಸಂಗವನ್ನು ಇಂದಿಗೂ ಪಾಠವಾಗಿ ಓದಬೇಕು.

ಗಡಿಸೀಮೆಗೆ ಹತ್ತಿರದ ಕೆಲಸ ಧಾರವಾಡದಲ್ಲಿ ನಡೆಯಿತು. ಭತ್ತದ ತಳಿವಿಜ್ಞಾನಿಯೆಂದು ಹೆಸರಾದ ಎಂ. ಮಹದೇವಪ್ಪ ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1997ರ ಅಕ್ಟೋಬರ್‌ನಲ್ಲಿ ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಅಲ್ಲಿಯೇ ಸೇರಿತು. ತಗಚೆಯ ಜಾತಿಯ ಒಂದು ಗಿಡವನ್ನು ದಟ್ಟವಾಗಿ ಬಿತ್ತಿ ಪಾರ್ಥೇನಿಯಂಗೆ ಜಾಗವಿಲ್ಲದಂತೆ ಮಾಡುವ ವಿಧಾನವನ್ನು ಮಹದೇವಪ್ಪ ಪ್ರಚಾರಕ್ಕೆ ತಂದರು. ಆ ಗಿಡವೂ ಅಮೆರಿಕ ಮೂಲದ್ದೇ ಆದ್ದರಿಂದ ಇದು ಚರ್ಚೆಗೆ ಅತೀತವಲ್ಲ. ಆದರೆ ಕಿತ್ತ ಜಾಗವನ್ನು ಬೇರೊಂದು ಗಿಡದಿಂದ ತುಂಬದಿದ್ದರೆ ಕಸ ಮರಳುತ್ತದೆಂಬ ಅವರ ಗ್ರಹಿಕೆ ಸರಿಯಾಗಿತ್ತು.

ಬದಲಾಗುತ್ತಿರುವ ಹವಾಮಾನ

ಒಣಬೇಸಾಯದ ಸಂಶೋಧನೆ ಈ ಸೀಮೆಗೆ ಹೊಸದಲ್ಲ. ಜತ್ತದ ಎರಡು ಬದಿಗಿರುವ ಸೊಲ್ಲಾಪುರ, ವಿಜಯಪುರಗಳಲ್ಲಿ 1930ರ ದಶಕದಲ್ಲೇ ಅದಕ್ಕೆ ಕೇಂದ್ರಗಳು ತೆರೆದಿದ್ದವು. ಆ ಕಾಲದ ಪ್ರಶ್ನೆ ಮಳೆಯ ಕೊರತೆ. ಈಗ ಮಳೆ ಬರುವ ರೀತಿಯೇ ಪ್ರಶ್ನೆಯಾಗಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ತೋರಿಸಿದಂತೆ, ಮಧ್ಯಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು 1950–2015ರ ನಡುವೆ ಮೂರು ಪಟ್ಟಾಗಿವೆ. ಒಮ್ಮೆಲೇ ಸುರಿದು ಮತ್ತೆ ಮಾಯವಾಗುವ ಮಳೆಯಲ್ಲಿ, ಸಿಕ್ಕ ತೇವದಲ್ಲೇ ಮೊಳೆತು ಒಂದೆರಡು ತಿಂಗಳಲ್ಲಿ ಬೀಜ ಉದುರಿಸುವ ಪಾರ್ಥೇನಿಯಂನಂಥ ಗಿಡಕ್ಕೆ ಅನುಕೂಲ ಹೆಚ್ಚು. ಅದರ ಶತ್ರು ದುಂಬಿ ಬೇಸಿಗೆಯನ್ನು ಮಣ್ಣಿನೊಳಗೆ ಸುಪ್ತವಾಗಿ ಕಳೆದು, ನೆಲ ನೆನೆದ ಮೇಲೆ ಏಳುತ್ತದೆ. ಅದು ಸಂಖ್ಯೆ ಕಟ್ಟಿಕೊಳ್ಳುವಷ್ಟರಲ್ಲಿ ಗಿಡ ಹೂ ಬಿಟ್ಟಿರುತ್ತದೆ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 1958ರಲ್ಲಿ ದಶಲಕ್ಷಕ್ಕೆ 315ರಷ್ಟಿದ್ದದ್ದು ಈಗ 420 ದಾಟಿದೆ. ಇದರ ಲಾಭ ಜಾಲಿ, ಲಂಟಾನದಂಥ ಕಟ್ಟಿಗೆಯ ಗಿಡಗಳಿಗೆ ಹೆಚ್ಚು, ಬಯಲಿನ ಹುಲ್ಲುಗಳಿಗೆ ಕಡಿಮೆ. ಎರಡರ ದ್ಯುತಿಸಂಶ್ಲೇಷಣೆಯ ದಾರಿ ಬೇರೆ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈಚಿನ ದಶಕಗಳ ಇಂಗಾಲದ ಏರಿಕೆಯಷ್ಟರಿಂದಲೇ ಪಾರ್ಥೇನಿಯಂನ ಒಂದು ಆಕ್ರಮಣಕಾರಿ ಬಗೆ ಹೆಚ್ಚು ಪಾರ್ಥೆನಿನ್ ತಯಾರಿಸಿತು.

ಕೀಟಗಳ ಪಾಲೂ ಈ ಚರಿತ್ರೆಯಲ್ಲಿದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರು ಗೋವಿನಜೋಳದಲ್ಲಿ ಅಮೆರಿಕದ ಸೈನಿಕಹುಳುವನ್ನು ಭಾರತದಲ್ಲಿ ಮೊದಲ ಬಾರಿಗೆ ಗುರುತಿಸಿದರು. ಅದೇ ವರ್ಷ ಅದು ಮಹಾರಾಷ್ಟ್ರದ ಹೊಲಗಳಿಗೂ ದಾಟಿತ್ತು; ಹುಳುವಿಗೆ ರಾಜ್ಯದ ಗಡಿಯಿಲ್ಲ. ಪಪ್ಪಾಯಿಯ ಹಿಟ್ಟುತಿಗಣೆಯದು ಸಮಾಧಾನದ ಉದಾಹರಣೆ: 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಆ ಪೀಡೆಯನ್ನು, 2010ರಲ್ಲಿ ಪೋರ್ಟೊ ರಿಕೋದಿಂದ ಬೆಂಗಳೂರಿಗೆ ತರಿಸಿ ಬೆಳೆಸಿದ ಸಣ್ಣ ಪರಾವಲಂಬಿ ಕಣಜಗಳು ಹದ್ದುಬಸ್ತಿನಲ್ಲಿಟ್ಟವು.

ಮಾಳದ ಮರುಶೋಧ

ಸಂರಕ್ಷಣೆಯ ದೃಷ್ಟಿ ಬಯಲಿನ ಕಡೆ ಹೊರಳಿದ್ದು ಹೆಬ್ಬಕದ ನೆಪದಲ್ಲಿ, ಅದೂ ಅರ್ಧಕ್ಕೇ. ಮರಾಠಿಯವರು ಮಾಳಢೋಕ ಎನ್ನುವ ಈ ಹಕ್ಕಿಗಾಗಿ 1979ರಲ್ಲಿ ಸೊಲ್ಲಾಪುರ–ಅಹಮದ್‌ನಗರ ಜಿಲ್ಲೆಗಳಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಕರ್ನಾಟಕದ ರಾಣೆಬೆನ್ನೂರಿನಲ್ಲಿ 1974ರಲ್ಲೇ ಕೃಷ್ಣಮೃಗದ ಅಭಯಾರಣ್ಯ ಆಗಿತ್ತು. ಆದರೆ ಅಲ್ಲಿ ಬಯಲಿನ ಬಹುಭಾಗಕ್ಕೆ ನೀಲಗಿರಿ ನೆಟ್ಟಿದ್ದರು. ತೆರೆದ ಬಯಲು ಬೇಡುವ ಹೆಬ್ಬಕ ಆ ನೆಲವನ್ನು ತೊರೆಯಿತು. ಹಸಿರು ಹೆಚ್ಚಿದ್ದರಿಂದಲೇ ಒಂದು ಜೀವಿ ಹೋದದ್ದು ಅರಣ್ಯ ಇಲಾಖೆಗೆ ಅರಗಿಸಿಕೊಳ್ಳಲು ಕಷ್ಟವಾದ ಸಂಗತಿ.

ಮೈಸೂರಿನ ಎಂ.ಡಿ. ಮಧುಸೂದನ್ ಮತ್ತು ಏಟ್ರೀಯ ಅಬಿ ವನಕ್ ದೇಶದ ಅರೆಒಣ ಸೀಮೆಯ ತೆರೆದ ಸಹಜ ನೆಲೆಗಳ ನಕ್ಷೆ ಮಾಡಿದಾಗ ಅವು ಮೂರು ಲಕ್ಷ ಚದರ ಕಿ.ಮೀ.ಗೂ ಹೆಚ್ಚಿರುವುದೂ, ಅದರಲ್ಲಿ ನೂರಕ್ಕೆ ಐದರಷ್ಟೂ ರಕ್ಷಿತವಾಗಿಲ್ಲದಿರುವುದೂ ಗೊತ್ತಾಯಿತು. ಆಶಿಷ್ ನೆರಳೇಕರ್ ಮತ್ತು ದಿಗ್ವಿಜಯ ಪಾಟೀಲ್ 2025ರಲ್ಲಿ ಹಳೆಯ ಮರಾಠಿ ಸಾಹಿತ್ಯ, ಜನಪದ ಕಥೆಗಳಲ್ಲಿ ಬರುವ ಗಿಡಮರಗಳನ್ನು ಗುರುತಿಸಿ, ಪಶ್ಚಿಮ ಮಹಾರಾಷ್ಟ್ರದ ಮಾಳ ಕನಿಷ್ಠ 750 ವರ್ಷಗಳಿಂದ ಮಾಳವೇ ಆಗಿತ್ತು, ಕಡಿದ ಕಾಡಲ್ಲ ಎಂದು ತೋರಿಸಿದರು. ಬಂಜರೆಂಬ ಹಣೆಪಟ್ಟಿಗೆ ಇಷ್ಟು ನೇರವಾದ ಉತ್ತರ ಹಿಂದೆ ಸಿಕ್ಕಿರಲಿಲ್ಲ.

2023ರಲ್ಲಿ ನಿನಾದ ಮುಂಗಿ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆ ಭಾರತದ ಸಹಜ ನೆಲೆಗಳಲ್ಲಿ ನೂರಕ್ಕೆ 66ರಷ್ಟು ಆಕ್ರಮಣಕಾರಿ ಸಸ್ಯಗಳ ಬೆದರಿಕೆಗೆ ಸಿಕ್ಕಿರುವುದನ್ನು ಲೆಕ್ಕ ಹಾಕಿತು. ಎಲ್ಲವನ್ನೂ ಕೀಳುವಷ್ಟು ದುಡ್ಡೂ ಆಳೂ ಇಲ್ಲ. ಎಲ್ಲಿಂದ ಆರಂಭಿಸಬೇಕೆಂಬುದೇ ಈಗಿನ ಸಂಶೋಧನೆಯ ಮುಖ್ಯ ಪ್ರಶ್ನೆ. ಬಳ್ಳಾರಿ ಜಾಲಿಯ ಬಗ್ಗೆ ಗುಜರಾತಿನ ಬನ್ನಿ ಎಂಬ ಹುಲ್ಲುಗಾವಲಿನ ಪ್ರಯೋಗಗಳು ಒಂದು ಖಚಿತ ಉತ್ತರ ಕೊಟ್ಟಿವೆ. ಇದ್ದಿಲಿಗಾಗಿ ಕೊಂಬೆ ಸವರಿ ಬುಡ ಬಿಟ್ಟ ಕಡೆ ಹುಲ್ಲು ಮರಳಲಿಲ್ಲ, ಬೇರುಸಹಿತ ತೆಗೆದ ಕಡೆ ಮರಳಿತು. ಕುರಿಮಂದೆಗಳ ದಾರಿಯುದ್ದಕ್ಕೂ ಜಾಲಿ ಏರಿರುವ ಜತ್ತ, ವಿಜಯಪುರಗಳಂಥ ಸೀಮೆಯಲ್ಲಿ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಉದ್ಯೋಗ ಖಾತರಿಯ ಕೂಲಿಯಿಂದ ಮಾಡಬಹುದಾದ ಕೆಲಸ ಇದು: ಗಿಡ ಕಾಯಿ ಕಟ್ಟುವ ಮೊದಲೇ ಬುಡ ಅಗೆದು, ಆ ನೆಲದಲ್ಲಿ ಮೊದಲ ಮಳೆಗೆ ಊರ ಹುಲ್ಲಿನ ಬೀಜ ಚೆಲ್ಲುವುದು.