ಬೋರ್ಡೋ ಮದ್ದು ಬಂದ ದಾರಿ

ತೆಂಗಿನ ಗರಿಯಲ್ಲಿ ಬೂದು ಚುಕ್ಕೆ ಎದ್ದಾಗ ನೀವು ಹೊಡೆಯುವ ಬೋರ್ಡೋ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ಅಲ್ಲಿಯವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳ ಎಲೆಗೆ ಬೂಜುರೋಗ ತಗಲಲಿಲ್ಲ. 1882ರಲ್ಲಿ ಇದನ್ನು ಕಂಡ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಲೋಕಕ್ಕೆ ತಿಳಿಸಿದರು.

ನಮ್ಮ ಮಲೆನಾಡಿನಲ್ಲಿ ಆಗ ಅಡಿಕೆಯ ಕೊಳೆರೋಗಕ್ಕೆ ಗೊನೆಗೆ ಕೊಟ್ಟೆ ಕಟ್ಟುವುದೇ ಉಪಾಯ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಈ ಮದ್ದನ್ನು ಅಲ್ಲಿ ಬಳಕೆಗೆ ತಂದರು.

ತೆಂಗಿಗೂ ಪಾಠ ಒಂದೇ: ಇದು ಒಣಗಿದ ಗರಿಯನ್ನು ಹಸಿರು ಮಾಡೋ ಮದ್ದಲ್ಲ, ರೋಗ ಬಾರದಂತೆ ಕಾಯೋ ಬೇಲಿ. ರೋಗ ಬಲಿತ ಹಳೆ ಗರಿ ಕಡಿದು ಸುಡಿ. 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ. ಹೊಳೆಯೋ ಕತ್ತಿ ಅದ್ದಿ ನೋಡಿ. ಕೆಂಪು ಕೂತರೆ ಸುಣ್ಣ ಸಾಲದು. ಮಳೆ ಹಿಡಿಯೋ ಮುಂಚೆಯೇ ಹೊಡೆಯಿರಿ.