ಪುನುಗಿನ ಬೆಕ್ಕು: ತಲೆಬುರುಡೆ ಹೇಳುವ ಕರಾವಳಿಯ ಕತೆ

ಕುಂದಾಪುರ, ಬೈಂದೂರು ಕಡೆಯ ಗೇರು ಹಾಡಿಗಳಲ್ಲಿ ತರಗೆಲೆ ಗುಡಿಸುವಾಗ ಕೆಲವೊಮ್ಮೆ ಅಂಗೈಯುದ್ದದ ತಲೆಬುರುಡೆಯೊಂದು ಸಿಗುವುದುಂಟು. ಕಂಡವರು ‘ಯಾವುದೋ ಕಾಡುಬೆಕ್ಕಿನದು’ ಎಂದು ಬೇಲಿಯಾಚೆ ಎಸೆದು ಬಿಡುತ್ತಾರೆ. ಆದರೆ ಆ ಒಣ ಎಲುಬಿನಲ್ಲಿ ನಮ್ಮ ಕರಾವಳಿಯ ಕಾಡು, ಬಂದರು ಮತ್ತು ವ್ಯಾಪಾರದ ಇತಿಹಾಸವೇ ಅಡಗಿರಬಹುದು ಎಂದರೆ ನಂಬುತ್ತೀರಾ?

ಮೊದಲು ಹಲ್ಲುಗಳನ್ನು ಎಣಿಸೋಣ. ಮನೆಯ ಬೆಕ್ಕಿಗೆ 30 ಹಲ್ಲುಗಳು, ನಾಯಿಗೆ 42. ನಾವು ಪುನುಗಿನ ಬೆಕ್ಕು, ಕಬ್ಬೆಕ್ಕು ಎಂದು ಕರೆಯುವ ಪ್ರಾಣಿಗಳಿಗೆ ಇರುವುದು 40. ಬೆಕ್ಕಿನ ಮುಖ ಮೊಟಕು, ಇವುಗಳ ಮೂತಿ ನೀಳ. ಬೆಕ್ಕಿನ ದವಡೆಯಲ್ಲಿ ಮಾಂಸ ಕತ್ತರಿಸುವ ಹಲ್ಲುಗಳದ್ದೇ ಕಾರುಬಾರು. ಇವುಗಳಿಗೆ ಅವುಗಳ ಹಿಂದೆ ಹಣ್ಣು, ಹುಳಹುಪ್ಪಟೆಗಳನ್ನು ಅರೆಯುವ ಅಗಲವಾದ ಹಲ್ಲುಗಳೂ ಇವೆ. ಅಂದರೆ ಹೆಸರು ‘ಬೆಕ್ಕು’ ಎನ್ನುತ್ತದೆ, ಬುರುಡೆ ‘ಅಲ್ಲ’ ಎನ್ನುತ್ತದೆ. ಇವು ಬೇರೆಯದೇ ಕುಟುಂಬಕ್ಕೆ ಸೇರಿದ ಜೀವಿಗಳು. ಹಲ್ಲಿನ ಸವೆತ ಮತ್ತು ಎಲುಬಿನ ಬೆಸುಗೆಗಳನ್ನು ನೋಡಿ ಸತ್ತ ಪ್ರಾಣಿ ಮರಿಯೋ ಮುದಿಯೋ ಎಂಬುದನ್ನೂ ಬಲ್ಲವರು ಹೇಳುತ್ತಾರೆ.

ಒಂದೇ ಬಗೆಯಂತೆ ಕಾಣುವ ಎರಡು ಜೀವಿಗಳನ್ನು ಬೇರ್ಪಡಿಸುವುದಕ್ಕೂ ಬುರುಡೆ ಬೇಕು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಕಂದು ಕಬ್ಬೆಕ್ಕಿಗೆ 1885ರಲ್ಲಿ ಬ್ಲಾನ್‌ಫರ್ಡ್ ಪ್ರತ್ಯೇಕ ಹೆಸರು ಕೊಟ್ಟರು. ಅದರ ಅಂಗುಳಿನ ಮುಂಭಾಗದ ರಂಧ್ರಗಳು ಸಾಮಾನ್ಯ ಕಬ್ಬೆಕ್ಕಿನವುಗಳಿಗಿಂತ ಉದ್ದ. ಮೈಬಣ್ಣ ಕಣ್ಣಿಗೆ ಮೋಸ ಮಾಡಬಹುದು, ಎಲುಬು ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಈಗ ನಮ್ಮ ಊರಿನ ಒಗಟಿಗೆ ಬರೋಣ. 1862ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಎರಡು ದೊಡ್ಡ ಪುನುಗಿನ ಬೆಕ್ಕುಗಳಿಗೆ ಹೆಸರಿಟ್ಟರು. ಒಂದು ಬರ್ಮಾದ್ದು, ಇನ್ನೊಂದು ಮಲಬಾರಿನದು. 1867ರಲ್ಲಿ ‘ಭಾರತದ ಸಸ್ತನಿಗಳು’ ಎಂಬ ಗ್ರಂಥ ಬರೆದ ವೈದ್ಯ ಜೆರ್ಡನ್, ಮಲಬಾರಿನ ಈ ಪ್ರಾಣಿ ಹೊನ್ನಾವರದಿಂದ ಕನ್ಯಾಕುಮಾರಿಯವರೆಗೆ ಕರಾವಳಿಯುದ್ದಕ್ಕೂ ಇದೆಯೆಂದು ದಾಖಲಿಸಿದರು. ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ಈ ಗಡಿಯೊಳಗೇ ಬರುತ್ತವೆ.

ಆಮೇಲೆ ಆ ಪ್ರಾಣಿ ಕಣ್ಮರೆಯಾಯಿತು. 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅದರ ಚರ್ಮಗಳು ದೊರೆತು ಮತ್ತೆ ಆಸೆ ಚಿಗುರಿತು. ಆದರೆ 2006-07ರಲ್ಲಿ ಕರ್ನಾಟಕ ಮತ್ತು ಕೇರಳದ ತಗ್ಗುಪ್ರದೇಶದ ಕಾಡುಗಳಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ರಾತ್ರಿಗಳ ಲೆಕ್ಕದಲ್ಲಿ ಕ್ಯಾಮೆರಾಗಳನ್ನಿಟ್ಟು ಕಾದರೂ ಒಂದೇ ಒಂದು ಚಿತ್ರ ಸಿಗಲಿಲ್ಲ.

2010ರಲ್ಲಿ ಆರ್. ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಎಂಬ ಸಂಶೋಧಕಿಯರು ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ ಒಂದು ಮೂಲಭೂತ ಪ್ರಶ್ನೆ ಎತ್ತಿದರು: ಈ ಪ್ರಾಣಿ ನಿಜವಾಗಿಯೂ ಇಲ್ಲಿಯದೇ? ಅಥವಾ ಆಗ್ನೇಯ ಏಷ್ಯಾದ ದೊಡ್ಡ ಪುನುಗಿನ ಬೆಕ್ಕನ್ನೇ ಸುಗಂಧಕ್ಕಾಗಿ ಹಡಗಿನಲ್ಲಿ ತಂದಿದ್ದರೇ?

ಈ ಅನುಮಾನ ಬರಿಯ ಕಲ್ಪನೆಯಲ್ಲ. ಪುನುಗಿನ ಬೆಕ್ಕನ್ನು ಗೂಡಿನಲ್ಲಿಟ್ಟು, ಅದರ ಗ್ರಂಥಿಯಿಂದ ಒಸರುವ ದ್ರವ್ಯವನ್ನು ಕೆರೆದು ತೆಗೆಯುವುದು ಬಹಳ ಹಳೆಯ ಕಸುಬು. ಅರಬ್ಬಿಯಲ್ಲಿ ಅದಕ್ಕೆ ‘ಝಬಾದ್’ ಎನ್ನುತ್ತಾರೆ. ಇಂಗ್ಲಿಷಿನ ‘ಸಿವೆಟ್’ ಹುಟ್ಟಿದ್ದೂ ಆ ಮಾತಿನಿಂದಲೇ, ಕನ್ನಡದ ‘ಜವಾಜಿ’ಯೂ ಅದರ ಬಂಧುವೇ. ನಮ್ಮ ಚಿಕ್ಕ ಪುನುಗಿನ ಬೆಕ್ಕನ್ನು ಮನುಷ್ಯರು ಕಡಲು ದಾಟಿಸಿ ಮಡಗಾಸ್ಕರಿಗೆ ಮುಟ್ಟಿಸಿದ್ದಾರೆ. ಹಾಗಿದ್ದ ಮೇಲೆ ದೊಡ್ಡದನ್ನು ಮೂಡಣದಿಂದ ಇಲ್ಲಿಗೆ ತಂದಿರಲಾರರೇ? ಬಸರೂರು, ಬಾರಕೂರು ಅಂದಿನ ಹೆಸರಾಂತ ಬಂದರುಗಳು. 14ನೇ ಶತಮಾನದಲ್ಲಿ ಈ ದಾರಿಯಾಗಿ ಸಾಗಿದ ಇಬ್ನ್ ಬತೂತಾ ಅವುಗಳನ್ನು ಅಬೂಸರೂರ್, ಫಾಕನೂರ್ ಎಂದು ಕರೆದಿದ್ದಾನೆ. ಈ ಪ್ರಾಣಿ ಈ ಬಂದರುಗಳಲ್ಲೇ ಇಳಿಯಿತೆಂದು ಹೇಳುವ ದಾಖಲೆಯಿಲ್ಲ. ಆದರೆ ಊರುಗಳನ್ನು ಬೆಸೆದ ಕಡಲ ದಾರಿ ಪ್ರಾಣಿಗಳ ವಂಶಾವಳಿಯನ್ನೂ ಕಲಸಿರಬಹುದೆಂಬುದನ್ನು ಇತಿಹಾಸದ ವಿದ್ಯಾರ್ಥಿ ಮರೆಯಬಾರದು.

ಇದನ್ನು ತೀರ್ಮಾನಿಸುವವರು ಯಾರು? ವಾದ ಮಾಡುವವರಲ್ಲ, ಸಂಗ್ರಹಾಲಯಗಳಲ್ಲಿ ಉಳಿದಿರುವ ಕೆಲವೇ ಚರ್ಮ ಮತ್ತು ಬುರುಡೆಗಳು. ಬರ್ಮಾದ ಬುರುಡೆಯ ಪಕ್ಕದಲ್ಲಿ ಮಲಬಾರಿನದನ್ನಿಟ್ಟು ಅಳೆಯಬೇಕು, ಎಲುಬಿನೊಳಗಿನ ವಂಶವಾಹಿಯನ್ನು ಹೋಲಿಸಬೇಕು. ಉತ್ತರ ಯಾವುದೇ ಬರಲಿ, ಅದರ ಪರಿಣಾಮ ದೊಡ್ಡದು. ಇಲ್ಲಿಯದೇ ಆಗಿದ್ದರೆ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜೀವಿಯೊಂದನ್ನು ನಾವು ಕಳೆದುಕೊಂಡಿರಬಹುದು. ಹೊರಗಿನಿಂದ ಬಂದದ್ದಾಗಿದ್ದರೆ, ಇಲ್ಲದ ಪ್ರಾಣಿಯನ್ನು ಹುಡುಕುವ ಶ್ರಮವನ್ನು ಇರುವ ಪ್ರಾಣಿಗಳ ರಕ್ಷಣೆಗೆ ತಿರುಗಿಸಬಹುದು.

ಅಲ್ಲಿಯವರೆಗೆ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಹಾಡಿಯಲ್ಲಿ ಅಪರೂಪದ ಬುರುಡೆ ಕಂಡರೆ ಒಡೆಯಬೇಡಿ, ಮನೆಗೂ ಒಯ್ಯಬೇಡಿ. ವನ್ಯಜೀವಿಯ ಅವಶೇಷವನ್ನು ಇಟ್ಟುಕೊಳ್ಳುವುದನ್ನು 1972ರ ಕಾನೂನು ಒಪ್ಪುವುದಿಲ್ಲ. ಇದ್ದಲ್ಲೇ ಒಂದು ಚಿತ್ರ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಕೋಳಿಗೂಡಿಗೆ ನುಗ್ಗಿತೆಂದು ಹೊಡೆದು ಕೊಂದು, ಹೊಂಡದಲ್ಲಿ ಹೂತ ಪ್ರಾಣಿಗಳೆಷ್ಟೋ. ಅವುಗಳಲ್ಲಿ ಕೊನೆಯದು ಯಾವುದಾಗಿತ್ತೋ, ಯಾರಿಗೆ ಗೊತ್ತು? ರಾಜರ ಚರಿತ್ರೆಗೆ ಶಾಸನಗಳಿವೆ. ಕಾಡಿನ ಬಡಜೀವಿ ಬಿಟ್ಟುಹೋಗುವ ಶಾಸನ ಅದರ ಎಲುಬು ಮಾತ್ರ.