ಅಟ್ಟದ ಕಾಯಿ, ಕಾಯುವ ತಾಕತ್ತು

ಅರಸೀಕೆರೆ ಸೀಮೆಯ ತೆಂಗಿನ ಮನೆಗಳಲ್ಲಿ ಅಟ್ಟವೇ ಖಜಾನೆ. ಬಲಿತ ಕಾಯಿಯನ್ನು ಸುಲಿಯದೆ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅಂದಾಗ ಉಂಡೆ ಕೊಬ್ಬರಿ ಆಯಿತೆಂದು ಲೆಕ್ಕ. ಎಳನೀರಿಗೆ ಕೊಟ್ಟರೆ ಇವತ್ತೇ ಕಾಸು. ಕೊಬ್ಬರಿಗಾದರೆ ಸುಮಾರು ಒಂದು ವರ್ಷ ಕಾಯಬೇಕು. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿದ್ದರೆ ಕಾಯುವ ಮಾತೆಲ್ಲಿ ಬಂತು? ಪ್ರಜಾಪ್ರಭುತ್ವದಿಂದ ದೇಶ ಉದ್ಧಾರವಾಗುತ್ತದೆಯೇ, ವಸಾಹತು ಆಡಳಿತವೋ ಕಮ್ಯುನಿಸಮ್ಮೋ ಅದಕ್ಕಿಂತ ಮೇಲೋ ಎಂಬ ಚರ್ಚೆಗೆ ಸರ್ಕಾರದ ಖಜಾನೆಯ ಲೆಕ್ಕಕ್ಕಿಂತ ಈ ಅಟ್ಟ ಒಳ್ಳೆಯ ಅಳತೆಗೋಲು. ಸಾಮಾನ್ಯ ಒಕ್ಕಲಿಗೆ ಕೆಟ್ಟ ವರ್ಷವೊಂದನ್ನು ದಾಟುವ ತಾಕತ್ತನ್ನು ಕೊಟ್ಟ ಆಳ್ವಿಕೆ ಯಾವುದು ಎಂದು ಕೇಳಬೇಕು.

ಬೇಲೂರು, ಹಳೇಬೀಡನ್ನು ತೋರಿಸಿ, ಓಟಿನ ಹಂಗಿಲ್ಲದ ಕಾಲದಲ್ಲೇ ಇಷ್ಟು ಸಿರಿಯಿತ್ತಲ್ಲ ಎನ್ನುವವರಿದ್ದಾರೆ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಬೇಲೂರಿನಲ್ಲಿ ದೇವರನ್ನು ಪ್ರತಿಷ್ಠಾಪಿಸಿದ. ಅದಾದ ಕೆಲವೇ ವರ್ಷಕ್ಕೆ ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಮೊದಲಾಯಿತು. ಸಿರಿಯಿದ್ದದ್ದು ಸುಳ್ಳಲ್ಲ. ಆದರೆ ಅರಮನೆಯಲ್ಲಿ ಕೂಡಿಟ್ಟ ಸಿರಿ 1311ರಲ್ಲಿ ದೆಹಲಿಯ ಸೇನಾಪತಿ ಮಲಿಕ್ ಕಾಫರನ ಒಂದೇ ದಂಡಯಾತ್ರೆಗೆ ಸೂರೆಹೋಯಿತು. ಉಳಿದದ್ದು ಕೆರೆ. ಕೆರೆ ಕಟ್ಟಿಸಿದವರಿಗೆ ಕಟ್ಟುಗೊಡಗೆಯ ಗದ್ದೆ, ಕಾಪಾಡಿಕೊಂಡು ಬರಲು ಬಿತ್ತುವಟ್ಟವೆಂಬ ದತ್ತಿ ಎಂದು ಶಾಸನಗಳು ಬರೆದಿಟ್ಟಿವೆ. ತೂಬು ಎತ್ತುವ ನೀರುಗಂಟಿ ಊರವನಾಗಿದ್ದ. ಸರದಿ ತಪ್ಪಿದರೆ ಊರಿಗೆ ಉತ್ತರ ಹೇಳಬೇಕಿತ್ತು. ಇದನ್ನು ಪ್ರಜಾಪ್ರಭುತ್ವ ಎನ್ನುವ ಭ್ರಮೆ ಬೇಡ. ಗದ್ದೆಯಿದ್ದವನಿಗಷ್ಟೇ ಅಲ್ಲಿ ಬಾಯಿ, ಗೇಯುವ ಹೊಲೆಯ ಮಾದಿಗರಿಗೆ ಇಲ್ಲ.

1831ರಲ್ಲಿ ನಗರ ದಂಗೆಯ ನೆಪದಿಂದ ಕಂಪನಿ ಸರ್ಕಾರ ಮೈಸೂರಿನ ಆಡಳಿತ ಕಿತ್ತುಕೊಂಡಿತು. ಐವತ್ತು ವರ್ಷ ಕಮಿಷನರುಗಳದೇ ದರ್ಬಾರು. ಈ ಕಾಲ ಬರೀ ಲೂಟಿಯದು ಎನ್ನುವುದೂ ಅನ್ಯಾಯ. ಕಮಿಷನರ್ ಕಬ್ಬನ್ ರಸ್ತೆಗಳನ್ನು ಮಾಡಿಸಿದ, ಸಾಲ ತೀರಿಸಿದ. ಮಲೆನಾಡಿನ ಮಂಜರಾಬಾದಿನ ಕಡೆ ಕಾಫಿ ತೋಟಗಳೆದ್ದವು. ಕಾಗದದ ಮೇಲೆ ರಾಜ್ಯ ಗಟ್ಟಿಯಾಗಿತ್ತು. ಅಷ್ಟರಲ್ಲಿ 1876–78ರ ಧಾತು ಈಶ್ವರ ಬರ ಬಂತು. 1871ರ ಜನಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರಿನ ಜನ 1881ಕ್ಕೆ 41.9 ಲಕ್ಷಕ್ಕೆ ಇಳಿದರು. ಕೂಡಿಟ್ಟಿದ್ದ ಹಣ ಕರಗಿ 80 ಲಕ್ಷ ರೂಪಾಯಿ ಸಾಲ ತಲೆಮೇಲೆ ಬಿತ್ತು. ಒಡೆಯರಿಗೆ ರಾಜ್ಯ ಮರಳಿಸುವಾಗ ಸಾಲವನ್ನೂ ಜೊತೆಗೇ ಒಪ್ಪಿಸಿದರು, ವಾರ್ಷಿಕ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಕರಾರು ಬೇರೆ! ಆಡಳಿತ ಚೊಕ್ಕವಾಗಿಯೇ ಇತ್ತು. ಆದರೆ ಕಮಿಷನರ್ ಲೆಕ್ಕ ಒಪ್ಪಿಸಬೇಕಾದದ್ದು ಕಲ್ಕತ್ತೆಗೆ. ಹಾಸನದ ರೈತ ಸತ್ತರೆ ಅವನ ಕುರ್ಚಿ ಅಲ್ಲಾಡುವಂತಿರಲಿಲ್ಲ.

ಇಲ್ಲೊಂದು ಗಟ್ಟಿ ಆಕ್ಷೇಪ ಏಳುತ್ತದೆ. ಮೈಸೂರು ಮೇಲೆದ್ದದ್ದು ಮಹಾರಾಜರ, ದಿವಾನರ ಕಾಲದಲ್ಲಿ, ಚುನಾಯಿತ ಸರ್ಕಾರದಲ್ಲಿ ಅಲ್ಲವಲ್ಲ? ನಿಜ. ಆದರೆ ಬರದ ಗಾಯ ಹಸಿಯಾಗಿದ್ದಾಗಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. 144 ಮಂದಿ, ಬಹುಪಾಲು ಜಮೀನುದಾರರು, ವ್ಯಾಪಾರಿಗಳು; ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ದುರ್ಬಲ ಸಭೆಯೇ ಸರಿ. ಆದರೂ ರೈಲು, ಕೆರೆ, ಕಂದಾಯದ ದೂರು ದಿವಾನರ ಮುಖದೆದುರು ಬರತೊಡಗಿತು. ಆ ಸಭೆಯ ಬಾಯಿ ಎಷ್ಟು ಚಿಕ್ಕದಿತ್ತೆಂದರೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋದದ್ದು ಇಂಗ್ಲಿಷ್ ಕಂಪನಿಗಳ ಕೋಲಾರದ ಚಿನ್ನದ ಗಣಿಗೆ.

ಹಾಗಿದ್ದರೆ ಕಮ್ಯುನಿಸ್ಟ್ ಚೀನಾ? ಅಲ್ಲಿನ ಸಂಪತ್ತು ಇಂದು ನಮಗಿಂತ ಎಷ್ಟೋ ಹೆಚ್ಚು; ಮುಚ್ಚಿಟ್ಟು ಫಲವಿಲ್ಲ. ಆದರೆ 1959–61ರಲ್ಲಿ ಅಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಮೇಲಿನವರ ಮೆಚ್ಚುಗೆಗಾಗಿ ಕೆಳಗಿನವರು ಇಲ್ಲದ ಫಸಲನ್ನು ಲೆಕ್ಕದಲ್ಲಿ ಬೆಳೆದರು, ಸರ್ಕಾರ ಆ ಲೆಕ್ಕ ಹಿಡಿದು ಧಾನ್ಯ ಎತ್ತಿತು. ಸುಳ್ಳೆನ್ನಲು ಪತ್ರಿಕೆಯಿಲ್ಲ, ವಿರೋಧ ಪಕ್ಷವಿಲ್ಲ. ಆ ದೇಶ ಸಿರಿವಂತವಾದದ್ದು 1978ರ ಬಳಿಕ, ಸಾಗುವಳಿಯನ್ನು ಮನೆಮನೆಗೆ ಹಿಂತಿರುಗಿಸಿ, ಪೇಟೆ ತೆರೆದ ಮೇಲೆ. ಅದೇ ಕೆಂಬಾವುಟ ಪಕ್ಕದ ಕೇರಳದಲ್ಲಿ 1957ರಲ್ಲಿ ಓಟಿನಿಂದ ಗದ್ದುಗೆ ಏರಿತು, ಮುಂದೆ ಓಟಿನಿಂದಲೇ ಸೋತದ್ದೂ ಉಂಟು. ಅಲ್ಲಿ ಭೂಸುಧಾರಣೆ ಆಯಿತು, ಕ್ಷಾಮ ಬರಲಿಲ್ಲ. ನಮ್ಮಲ್ಲಿ 1974ರಲ್ಲಿ ದೇವರಾಜ ಅರಸರ ಕಾಯ್ದೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಕರಾವಳಿಯಷ್ಟು ಗೇಣಿ ಹಾಸನದ ಬಯಲಲ್ಲಿ ಇರಲಿಲ್ಲ, ಒಪ್ಪೋಣ. ಆದರೂ ಫಲ ಬಿಡಲು ಆರೇಳು ವರ್ಷ ಬೇಕಾದ ತೆಂಗನ್ನು, ಮುಂದಿನ ವರ್ಷ ಎಬ್ಬಿಸುವ ನೆಲದಲ್ಲಿ ಯಾವ ಗೇಣಿದಾರ ನೆಟ್ಟಾನು?

ಇಷ್ಟೆಲ್ಲ ಹೇಳಿ ಓಟಿನ ಮೈಗಳ್ಳತನ ಹೇಳದಿದ್ದರೆ ಅರಸೀಕೆರೆಯವರು ನಕ್ಕಾರು. ಅರಸಿಯ ಕೆರೆಯ ಹೆಸರು ಹೊತ್ತ ತಾಲ್ಲೂಕೇ ಬರಪೀಡಿತ. ಹೇಮಾವತಿ ಇದೇ ಹಾಸನ ಜಿಲ್ಲೆಯಲ್ಲಿ ಹರಿದರೂ ನೀರು ಇಲ್ಲಿಗೆ ಬಂದದ್ದು ಕಡಿಮೆ. 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರಲ್ಲಿ. ಅಷ್ಟರೊಳಗೆ ಅಂದಾಜು ವೆಚ್ಚ 8,323 ಕೋಟಿಯಿಂದ 23,251 ಕೋಟಿಗೆ ಜಿಗಿದಿತ್ತು. ಪ್ರಜಾಪ್ರಭುತ್ವ ಸಾವನ್ನು ತಡೆದಷ್ಟು ಚುರುಕಾಗಿ ಬಾಯಾರಿಕೆಯನ್ನು ತಡೆದಿಲ್ಲ. ಬರದಲ್ಲಿ ಒಣಗಿದ ತೆಂಗಿನ ಮರ 1877ರ ಹೆಣದಂತೆ ಸುದ್ದಿಯಾಗುವುದಿಲ್ಲ, ಹಾಗಾಗಿ ಗದ್ದುಗೆ ಅದಕ್ಕೆ ಹೆದರುವುದೂ ಕಡಿಮೆ. ಬೆಲೆಯ ವಿಷಯದಲ್ಲಿ ಮಾತ್ರ ರೈತರು ಬೀದಿಗಿಳಿಯುತ್ತಾರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಎರಡು ವರ್ಷ ಕಳೆಯುವುದರೊಳಗೆ ತಿಪಟೂರಿನಲ್ಲಿ ಹರಾಜು 25,000 ದಾಟಿತು. ಅಷ್ಟರಲ್ಲಿ ಎಷ್ಟೋ ಅಟ್ಟಗಳು ಬರಿದಾಗಿದ್ದವು.